ಮಾವ ತನಗೆಂದು ಇಟ್ಟ ಮರ

ಕಳೆದ ಭಾನುವಾರ ನನ್ನ ಸೋದರಮಾವನ ಚಿತೆಗೆಂದು ಇಟ್ಟ ಮರಕ್ಕೆ ನಂಬರು ಬಿತ್ತು.

ಗಾಬರಿಯಾಗಬೇಡಿ. ಮಾವ ಗಟ್ಟಿಮುಟ್ಟಾಗಿದ್ದಾರೆ. ಆ ಬೆಳಿಗ್ಗೆ ನನಗಿಂತ ಎರಡು ನೀರುದೋಸೆ ಹೆಚ್ಚೇ ತಿಂದಿದ್ದಾರೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಪುತ್ತೂರು, ಸುಳ್ಯ, ಕಡಬದ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಸೌದೆ ಡಿಪೋಗೆ ಫೋನ್ ಮಾಡುವ ರೂಢಿ ಇರಲಿಲ್ಲ. ಮನೆಯ ಜಾಗದಲ್ಲೇ ಬೆಳೆದ ಮಾವಿನ ಮರಕ್ಕೆ ಕೊಡಲಿ ಬೀಳುತ್ತಿತ್ತು. ಹಲವು ಮನೆಗಳಲ್ಲಿ ಈಗಲೂ ಹಾಗೆಯೇ. ನೆರೆಕರೆಯವರು ಕರೆಯದೆಯೇ ಬಂದು ಕಡಿಯುತ್ತಾರೆ. (ಈಗ ಕೊಡಲಿ ಬದಲು ಮೆಷಿನ್. ಸದ್ದು ಮಾತ್ರ ಜಾಸ್ತಿ.)

ಕಡಬದ ಹತ್ತಿರ ಮಾವನ ಮನೆಯ ಹಿಂದಿನ ಗುಡ್ಡೆಯಲ್ಲಿ ಎರಡು ಕಾಟುಮಾವಿನ, ಅಂದರೆ ಕಾಡುಮಾವಿನ, ಮರಗಳಿದ್ದವು. ಒಂದು ಅತ್ತೆಯ ಜೊತೆ ಹೋಯಿತು. ಅದನ್ನು ಕಡಿಯುತ್ತಿದ್ದಾಗ ಮಾವ ಇನ್ನೊಂದನ್ನು ತೋರಿಸಿ, "ಅದಕ್ಕೆ ಯಾರೂ ಕೈ ಹಾಕ್ಬೇಡಿ. ಅದು ನಂಗೆ" ಅಂದಿದ್ದರು. ಅಂದಿನಿಂದ ಉಪ್ಪಿನಕಾಯಿಗೆ ಮಿಡಿ ಕೊಯ್ಯುವುದು ಬಿಟ್ಟರೆ ಯಾರೂ ಅದರ ಸುದ್ದಿಗೆ ಹೋಗಿಲ್ಲ.

ಈಗ ಆ ಗುಡ್ಡೆಯೇ ಒಂದು ಕಾರ್ಬನ್ ಪ್ರಾಜೆಕ್ಟಿಗೆ ಸೇರಿದೆ. ಸೇರಿಸಿದ್ದು ಮಾವನ ಮಗ ಜಯರಾಮ. ವಿಷಯ ಕಷ್ಟದ್ದೇನಲ್ಲ. ಮರ ಗಾಳಿಯಲ್ಲಿರುವ ಇಂಗಾಲವನ್ನು ಹೀರಿ ಕಾಂಡದಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಇಟ್ಟುಕೊಳ್ಳುತ್ತದೆ. ಮೂವತ್ತು ವರ್ಷ ಮರ ಕಡಿಯುವುದಿಲ್ಲ ಎಂದು ನೀವು ಒಪ್ಪಬೇಕು. ಎಲ್ಲೋ ಹೊಗೆ ಬಿಡುವವರು ಅದಕ್ಕೆ ಅಷ್ಟಿಷ್ಟು ಕೊಡುತ್ತಾರೆ. ಅವರ ಹೊಗೆ, ನಿಮ್ಮ ಮರ. ಸರಿಗೆ ಸರಿ.

ಭಾನುವಾರ ಮರ ಅಳೆಯಲು ಬಂದವಳು ಸಹನಾ. ಪ್ರಾಜೆಕ್ಟಿನ ಫೀಲ್ಡ್ ಆಫೀಸರ್, ಬಯಲುಸೀಮೆಯ ಹುಡುಗಿ. ತಲೆಗೆ ಟೋಪಿ, ಕೈಯಲ್ಲಿ ಟೇಪು, ಹೆಗಲಲ್ಲಿ ಟ್ಯಾಬ್. ಒಂದೊಂದೇ ಮರದ ಸುತ್ತಳತೆ ಹಿಡಿದು ಅಲ್ಯೂಮಿನಿಯಂ ನಂಬರು ಕಟ್ಟುತ್ತಾ ಹೋದಳು. ಮಾವ ಉತ್ಸಾಹದಿಂದ ಹಿಂದೆ ಹಿಂದೆಯೇ ನಡೆದರು, ಅವರ ಹಿಂದೆ ಜಯರಾಮ ಮತ್ತು ನಾನು. ಕಾಟುಮಾವಿನ ಬುಡಕ್ಕೆ ಬಂದಾಗ ಅವಳ ಮುಖ ಅರಳಿತು. ಅಷ್ಟು ದಪ್ಪದ ಮರ ಬೇರೆ ಇರಲಿಲ್ಲ.

"ಅದಕ್ಕೆ ಬೇಡ," ಅಂದರು ಮಾವ. "ಅದು ನಂದು."

"ಎಲ್ಲಾ ನಿಮ್ದೇ ಅಲ್ವಾ ಅಜ್ಜ?"

"ಉಳಿದದ್ದೆಲ್ಲ ಇವನದ್ದು. ಇದು ಮಾತ್ರ ನಂದು."

ಜಯರಾಮ ನೆಲ ನೋಡಿದ. ನಾನು ಆಕಾಶ ನೋಡಿದೆ. ಕೊನೆಗೆ ವಿವರಿಸುವ ಕೆಲಸ ನನ್ನ ತಲೆಗೇ ಬಂತು.

ಹುಡುಗಿ ಒಳ್ಳೆಯವಳು. ನಗಲಿಲ್ಲ. ಟ್ಯಾಬ್ ತೆರೆದು ಹುಡುಕಿದಳು. ಗಾಳಿಗೆ ಬಿದ್ದರೆ ಕಡಿಯಬಹುದು. ರೋಗ ಬಂದರೆ ಕಡಿಯಬಹುದು. ರಸ್ತೆ ಬಂದರೂ ಕಡಿಯಬಹುದು.

"ಜನ ಸತ್ತರೆ ಅಂತ ಇಲ್ವಾ ಅದ್ರಲ್ಲಿ?" ಮಾವ ಇಣುಕಿ ಕೇಳಿದರು.

ಇರಲಿಲ್ಲ. ಮೇಲಿನವರಿಗೆ ಫೋನ್ ಮಾಡಿದಳು. ಗಡಿಯೊಳಗಿನ ಒಂದು ಮರವನ್ನೂ ಲೆಕ್ಕದಿಂದ ಬಿಡುವಂತಿಲ್ಲವಂತೆ. ಕಡಿದು ಸುಟ್ಟರೆ ಹಿಡಿದಿಟ್ಟ ಇಂಗಾಲವೆಲ್ಲ ವಾಪಸ್ ಗಾಳಿಗೆ ಹೋಗುತ್ತದಂತೆ.

"ಹಾಗಾದ್ರೆ ಮೂವತ್ತು ವರ್ಷ ನಾನು ಕಾಯ್ಬೇಕಾ ಮಾರಾಯ್ತಿ?"

ಆಗ ಸಹನಾಳಿಗೆ ಉಪಾಯ ಹೊಳೆಯಿತು. "ಅಜ್ಜ, ಇನ್ನೂ ನಂಬರ್ ಹಾಕಿಲ್ಲ. ಇವತ್ತೇ ಕಡಿಸ್ಬಿಡಿ. ಸೌದೆ ಒಣಗಿಸಿ ಇಟ್ಕೊಳ್ಳಿ. ರೂಲ್ಸ್ ಪ್ರಕಾರ ಏನೂ ತೊಂದ್ರೆ ಇಲ್ಲ."

"ಬಿಡ್ತು ಅನ್ನಿ!" ಜಯರಾಮ ಕೂಗಿಯೇ ಬಿಟ್ಟ.

ಉಸಿರಾಡುತ್ತಿರುವ ಮನುಷ್ಯನ ಎದುರು ಅವನ ಚಿತೆಯ ಮರ ಕಡಿಯುವುದೇ? ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು? ತಾನು ಹೇಳಿದ್ದರಲ್ಲಿ ತಪ್ಪೇನೆಂದು ತಿಳಿಯದೆ ಕಣ್ಣಲ್ಲಿ ನೀರು ತಂದುಕೊಂಡಳು. ಅವಳನ್ನು ಬಚಾವ್ ಮಾಡಿದ್ದು ಮಾವನೇ. "ಅವಳಿಗೆ ಯಾಕೆ ಜೋರು ಮಾಡುದು? ಬಿಸಿಲಲ್ಲಿ ಬಂದಿದ್ದಾಳೆ. ಬೆಲ್ಲ ನೀರು ಕೊಡು."

ಯಾರ ಮೇಲೆ ಸಿಟ್ಟು ಮಾಡಲಿ, ಹೇಳಿ? ಹುಡುಗಿ ಸುಳ್ಳು ಹೇಳಿಲ್ಲ. ಜಯರಾಮನೂ ತಪ್ಪು ಮಾಡಿಲ್ಲ; ಪ್ರಾಜೆಕ್ಟ್ ಬಾರದಿದ್ದರೆ ಆ ಗುಡ್ಡೆ ಬೋಳಿಸಿ ರಬ್ಬರ್ ಹಾಕುವವನಿದ್ದ. ಸೆಕೆ ನೋಡಿದರೆ ಇರುವ ಮರ ಉಳಿಯಲೇಬೇಕು. ಮಾವ ಕೇಳಿದ್ದು ಒಂದೇ ಒಂದು ಮರ, ಅದೂ ತಾವೇ ಕಾದದ್ದು. ಯಾರದ್ದೂ ತಪ್ಪಿಲ್ಲದ ಇಂಥ ಜಗಳಗಳು ಈಗೀಗ ನನಗೆ ವಿಪರೀತ ಸುಸ್ತು ತರಿಸುತ್ತವೆ. ಕಳ್ಳನೊಬ್ಬ ಸಿಕ್ಕಿದ್ದರೆ ಬೈದು ಹಗುರಾಗಬಹುದಿತ್ತು.

ಕಳ್ಳ ಅಂದೆನಲ್ಲ. ಹೋದ ತಿಂಗಳು ಮದುವೆಯೊಂದಕ್ಕೆ ದೆಹಲಿಗೆ ವಿಮಾನದಲ್ಲಿ ಹೋಗಿದ್ದೆ. ಟಿಕೆಟ್ ಮಾಡುವಾಗ ಮೊಬೈಲ್ ಕೇಳಿತು: ನಿಮ್ಮ ಪ್ರಯಾಣದ ಕಾರ್ಬನ್ ಸರಿದೂಗಿಸಬೇಕೇ? ಟಿಕ್ ಮಾಡಿ ಅಷ್ಟಿಷ್ಟು ಹೆಚ್ಚು ಕೊಟ್ಟೆ. ಹಸಿರು ಎಲೆಯೊಂದು ಮೂಡಿತು. ಎಂಥ ನೆಮ್ಮದಿ! ದಾರಿಯುದ್ದಕ್ಕೂ ನಿದ್ದೆ ಮಾಡಿದೆ.

ಆ ಎಲೆ ಯಾವ ಊರಿನ, ಯಾವ ಮರದ್ದು ಎಂದು ಒಮ್ಮೆಯಾದರೂ ಯೋಚಿಸಿದ್ದೆನೇ? ನನ್ನ ದುಡ್ಡು ಇದೇ ಗುಡ್ಡೆಗೆ ಬಂದಿರಲಿಕ್ಕಿಲ್ಲ. ಇನ್ನೆಲ್ಲೋ ಇನ್ಯಾರದೋ ಮಾವನ ಮರಕ್ಕೆ ಹೋಗಿರಬಹುದು. ಹೋಳಿಗೆ ತಿಂದದ್ದು ನಾನು, ಉಪವಾಸ ಕೂರಬೇಕಾದವರು ಪಕ್ಕದ ಮನೆಯವರು ಎಂದ ಹಾಗಾಯಿತು.

"ಕಟ್ಲಿ ಅತ್ಲಾಗಿ. ಆ ಹೊತ್ತು ಬಂದಾಗ ನೋಡುವ," ಜಯರಾಮ ನನ್ನ ಕಿವಿಯಲ್ಲಿ ಹೇಳಿದ. ಸಹನಾ ತಲೆ ತಗ್ಗಿಸಿಕೊಂಡೇ ನಂಬರು ಕಟ್ಟಿ, ಬೆಲ್ಲ ನೀರು ಕುಡಿದು ಹೊರಟಳು.

ಮಾವ ಮಾತ್ರ ಅಲ್ಲೇ ನಿಂತು ಆ ತಗಡನ್ನು ಬೆರಳಲ್ಲಿ ತಿರುಗಿಸುತ್ತಿದ್ದರು.

"ಇದ್ರಲ್ಲಿ ಯಾರ ಹೊಗೆ ಇಡುದು?" (ಮಾವ ಕೇಳಿದ್ದು ತುಳುವಿನಲ್ಲಿ. ಕನ್ನಡ ನನ್ನದು.)

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನನ್ನಂಥವರದ್ದು ಮಾವ. ಮೊನ್ನೆ ವಿಮಾನದಲ್ಲಿ ಹೋದೆನಲ್ಲ, ಅಂಥದ್ದು" ಅಂದೆ.

ಮಾವ ತಗಡು ಬಿಟ್ಟು ಮರದ ಮೇಲೆ ಕೈಯಿಟ್ಟು ಕೇಳಿದರು:

"ನೀನು ಮದುವೆ ಊಟಕ್ಕೆ ಹೋದ ಹೊಗೆಗೆ ನನ್ನ ಮರದಲ್ಲಿ ಜಾಗ ಉಂಟು. ನನ್ನ ಹೊಗೆಗೆ ಇಲ್ವಾ?"