ಕಲ್ಲಿನಡಿ ಕಾವಲಿದ್ದ ಮೀನು

ನಮ್ಮದು ಮೀನು ಮುಟ್ಟದ ಮನೆ. ಅಜ್ಜಂಪುರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಜೀವಶಾಸ್ತ್ರ ಕಲಿಸಿದ್ದೇನೆ, ಆದರೂ ಮೀನನ್ನು ಹತ್ತಿರದಿಂದ ಕಂಡದ್ದೆಲ್ಲ ಬೋರ್ಡಿನ ಮೇಲೆ, ನಾನೇ ಬರೆದ ಚಿತ್ರದಲ್ಲಿ.

ಹೋದ ಬೇಸಿಗೆ ರಜೆಗೆ ತರೀಕೆರೆ ಕಡೆ, ಗುಡ್ಡದ ಬುಡದಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವಳ ಬಟ್ಟೆ ಒಗೆಯುವ ಕಲ್ಲು ಒಡೆದು ಎರಡು ಹೋಳಾಗಿತ್ತು. ಹಿತ್ತಿಲಾಚೆಯ ಹಳ್ಳದಿಂದ ಇನ್ನೊಂದು ತರೋಣವೆಂದು ಇಬ್ಬರೂ ಸೀರೆ ಎತ್ತಿ ಕಟ್ಟಿ ನೀರಿಗಿಳಿದೆವು. ಮೊಣಕಾಲಿನ ಕೆಳಗಿನ ನೀರು, ತಳದ ಮರಳೂ ಕಾಣುತ್ತಿತ್ತು. ಚಪ್ಪಟೆ ಕಲ್ಲೊಂದನ್ನು ಆರಿಸಿ, ಒಂದು ಕಡೆಯಿಂದ ಎತ್ತಿ ನಿಲ್ಲಿಸಿದೆವು.

ಅಡಿಯಿಂದ ಬೆರಳುದ್ದದ ಮೀನೊಂದು ಹೊರಬಂತು. ಓಡಿಹೋಗಲಿಲ್ಲ. ಎರಡಡಿ ದೂರದ ಕಲ್ಲಿಗೆ ಹೊಟ್ಟೆ ಅಂಟಿಸಿ, ಹರಿಯುವ ನೀರಿನಲ್ಲಿ ಅಲುಗದೆ ಕೂತಿತು.

“ಇದು ಗೋಬಿ ಜಾತೀದು, ಚಿಕ್ಕಮ್ಮ.”

“ಗೋಬಿನಾ? ಬೀರೂರು ಬಸ್‌ಸ್ಟ್ಯಾಂಡಲ್ಲಿ ಎಣ್ಣೇಲಿ ಕರೀತಾರಲ್ಲ, ಅದಾ?”

ನಾನು ನಗುತ್ತಿದ್ದಂತೆ ಅವಳ ಕಣ್ಣು ಕಲ್ಲಿನ ಅಡಿಭಾಗಕ್ಕೆ ಹೋಯಿತು. ಅಲ್ಲಿ ರವೆಕಾಳಿನಂಥ ನೂರಾರು ಮೊಟ್ಟೆಗಳು ಒತ್ತೊತ್ತಾಗಿ ಅಂಟಿಕೊಂಡಿದ್ದವು. ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ಒಂದೊಂದರಲ್ಲೂ ಎರಡೆರಡು ಕಪ್ಪು ಚುಕ್ಕಿ. ಅವು ಅಲುಗಿದಾಗ ತಿಳಿಯಿತು, ಕಣ್ಣುಗಳು.

“ಇವ್ರಮ್ಮ ಎಲ್ಲೇ?” ಚಿಕ್ಕಮ್ಮ ದನಿ ತಗ್ಗಿಸಿದ್ದಳು.

“ಅಮ್ಮ ಮೊಟ್ಟೆ ಇಟ್ಟು ಹೋಗಿರ್ತಾಳೆ. ಕಾಯೋನು ಅಪ್ಪ. ಅಗೋ, ನಮ್ಮನ್ನೇ ನೋಡ್ತಾ ಕೂತವ್ನಲ್ಲ, ಅವ್ನೇ.”

ಅವಳು ಅದನ್ನು ಬಹಳ ಹೊತ್ತು ದಿಟ್ಟಿಸಿದಳು. “ಕಲ್ಲು ಇಳ್ಸು. ನಿಧಾನ ಕಣೇ, ಮಕ್ಕಳವೆ.”

ಇದ್ದ ಗುಳಿಯಲ್ಲೇ ಕೂರುವಂತೆ, ಉಸಿರು ಬಿಗಿಹಿಡಿದು ಇಳಿಸಿದೆವು. ಕೈ ತೆಗೆದೆವೋ ಇಲ್ಲವೋ, ಮೀನು ನಮ್ಮ ಕಾಲುಗಳ ನಡುವೆಯೇ ಹಾದು ಒಳಗೆ ನುಗ್ಗಿತು. ಸಂದಿಯಲ್ಲಿ ಇಣುಕಿದರೆ ಬಾಲ, ರೆಕ್ಕೆ ಬಡಿಯುತ್ತ ಮೊಟ್ಟೆಗಳಿಗೆ ನೀರು ಬೀಸುತ್ತಿತ್ತು. ನಮ್ಮಂಥ ಎರಡು ಬೆಟ್ಟಗಳು ಮೇಲೆ ನಿಂತಿದ್ದರೂ ಅದಕ್ಕೆ ತನ್ನ ಕೆಲಸ.

ಮುಂದಿನ ಮೂರು ದಿನವೂ ಹೋಗಿ ನೋಡಿದೆವು. ಮೀನು ಊಟಕ್ಕೆ ಹೊರಟಂತೆ ಕಾಣಲಿಲ್ಲ. ಚಿಕ್ಕಮ್ಮ ಅಕ್ಕಪಕ್ಕದವರಿಗೂ ಹೇಳಿ, ಎಮ್ಮೆಗಳನ್ನು ಕೆಳಗಿನ ಮಡುವಿಗೆ ಇಳಿಸುವಂತೆ ಮಾಡಿದ್ದಳು.

ನಾಲ್ಕನೆಯ ಬೆಳಿಗ್ಗೆ ಮೀನು ಕಲ್ಲಿನ ಹೊರಗೆ ಕೂತಿತ್ತು. ರೆಕ್ಕೆ ಬೀಸುತ್ತಿರಲಿಲ್ಲ. ನಾನು ಸಂದಿಯೊಳಗೆ ಬೆರಳಾಡಿಸಿದೆ. ಕಲ್ಲು ನುಣ್ಣಗಿತ್ತು.

“ಮರಿಗಳು ಹೋದ್ವಾ?” ಎಂದಳು ಚಿಕ್ಕಮ್ಮ.

“ಮೊಟ್ಟೆ ಒಡ್ಕೊಂಡು ಹೋದ್ವು.”

ದಡಕ್ಕೆ ಹತ್ತು ಹೆಜ್ಜೆಯಷ್ಟೇ. ಆದರೆ ಎಲ್ಲಿ ಕಾಲಿಡಬೇಕೆಂದು ತೋಚದೆ ನಾನು ನೀರಿನಲ್ಲೇ ನಿಂತುಬಿಟ್ಟೆ. ಹಳ್ಳದ ತುಂಬ, ಕಣ್ಣು ಹಾಯುವವರೆಗೂ, ಕಲ್ಲುಗಳೇ ಇದ್ದವು.