ನೂರು ಸಲ ನೋಡಿದ ಸೀನು

ಸಿನಿಮಾದಲ್ಲಿ ಉಂಬಳ ಇರಲಿಲ್ಲ. ಹಸಿರು ಹುಲ್ಲಿನ ಮೇಲೆ ನಾಯಕಿ ಬರಿಗಾಲಲ್ಲಿ ಹಾಡು ಮುಗಿಯುವವರೆಗೂ ಕುಣಿಯುತ್ತಾಳೆ, ಅವಳ ಪಾದದಲ್ಲಿ ಒಂದು ಗೀರೂ ಇಲ್ಲ. ನಾನು ಬಸರೀಕಟ್ಟೆಯಲ್ಲಿ ಬಸ್ಸಿಳಿದು, ಆರೋಗ್ಯ ಉಪಕೇಂದ್ರ ಹುಡುಕುತ್ತ ಕಾಲುದಾರಿಯಲ್ಲಿ ಹದಿನೈದು ನಿಮಿಷ ನಡೆದೆನಷ್ಟೆ. ಚಪ್ಪಲಿ ಬಿಚ್ಚಿದಾಗ ಬೆರಳ ಸಂದಿಯಲ್ಲಿ ರಕ್ತ ಕುಡಿದು ಊದಿಕೊಂಡ ಮೂರು ಕಪ್ಪು ಹುಳು. ಸಿಂಧನೂರಿನ ಕರಿಮಣ್ಣಿನಲ್ಲಿ ಬೆಳೆದವಳು ನಾನು, ಚೇಳು ನೋಡಿದ್ದೇನೆ, ಹಾವು ನೋಡಿದ್ದೇನೆ. ಕಚ್ಚಿದ್ದೇ ಗೊತ್ತಾಗದ ಹಾಗೆ ಕಚ್ಚುವ ಪ್ರಾಣಿಯನ್ನು ನೋಡಿರಲಿಲ್ಲ. ಸುಣ್ಣ ಮುಟ್ಟಿಸಿ ಒಂದೊಂದನ್ನೇ ಬಿಡಿಸುತ್ತ ದಾರಿಬದಿಯ ಅಂಗಡಿಯ ಹೆಂಗಸು, "ಉಂಬಳ ಅಷ್ಟೇ ಮಾರಾಯ್ತಿ, ಎಂತ ಆಗಲ್ಲ" ಎಂದಳು. ನಾನು ನರ್ಸ್, ರಕ್ತಕ್ಕೆ ಹೆದರುವವಳಲ್ಲ. ಆದರೂ ಆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

ನಮ್ಮ ಸಿಂಧನೂರಿನವರೇ, ನಿಮಗೆಲ್ಲ ಆ ಸಿನಿಮಾ ಗೊತ್ತು. ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಜನ ಮುಂದೆ ಓದುವುದಿಲ್ಲ, ಉಳಿದರ್ಧ ಜಗಳಕ್ಕೆ ಬರುತ್ತೀರಿ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಅವ್ವನ ಜೊತೆ ಸಿಂಧನೂರಿನ ಟಾಕೀಸಿನಲ್ಲಿ ನೋಡಿದ್ದು. ಹೊರಗೆ ಬಂದರೆ ಬಿಸಿಲು ಕಣ್ಣಿಗೆ ಹೊಡೆಯಿತು, ಗಂಟಲಿಗೆ ಧೂಳು ಹೋಯಿತು. ಬದುಕಿದರೆ ಆ ಹಸಿರಿನಲ್ಲೇ ಬದುಕಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಇಪ್ಪತ್ತು ವರ್ಷದ ಮೇಲೆ ನರ್ಸ್ ಕೆಲಸದ ಕೌನ್ಸೆಲಿಂಗಿನಲ್ಲಿ ಜಾಗ ಆರಿಸಿಕೊಳ್ಳಿ ಎಂದಾಗ, ಆ ಸಿನಿಮಾ ತೆಗೆದದ್ದು ಅಲ್ಲೇ ಎಂದು ಕೊಪ್ಪ ತಾಲ್ಲೂಕು ಎಂದೆ. "ರಾಯಚೂರೇ ಖಾಲಿ ಇದೆಯಲ್ಲಮ್ಮ" ಎಂದರು ಎದುರಿಗಿದ್ದ ಅಧಿಕಾರಿ. ಒಂದು ಸಿನಿಮಾ ನೋಡಿ ಹೀಗೆ ಮಾಡುತ್ತಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ.

ಮನೆ ಎಂದು ಸಿಕ್ಕಿದ್ದು ಅದೇ ಅಂಗಡಿಯ ಹಿಂದಿನ ಒಂದು ಕೋಣೆ. ನಮ್ಮಲ್ಲಿ ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಮಧ್ಯಾಹ್ನಕ್ಕೆ ಗರಿಗರಿಯಾಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಯೂನಿಫಾರಂ ಒಣಗುವುದು ಇಸ್ತ್ರಿ ಪೆಟ್ಟಿಗೆಯ ಕೆಳಗೆ. ಅವ್ವ ಕಳಿಸಿದ ಖಡಕ್ ರೊಟ್ಟಿ, ತಿಂಗಳಾದರೂ ಕಟಕಟ ಮುರಿಯುವ ರೊಟ್ಟಿ, ಎರಡೇ ದಿನಕ್ಕೆ ಹಳೇ ಬಟ್ಟೆಯ ಹಾಗೆ ಮೆತ್ತಗಾಯಿತು. ಸಿಟ್ಟಿನಿಂದ ಒಂದೊಂದನ್ನೂ ಮತ್ತೆ ಹಂಚಿಗೆ ಹಾಕಿ ಸುಟ್ಟೆ. ಕಳಲೆ, ಅಂದರೆ ಎಳೆ ಬಿದಿರು, ಇಲ್ಲಿಯವರಿಗೆ ಪ್ರಾಣ. ಹೆಚ್ಚಿ ಎರಡು ದಿನ ನೀರಲ್ಲಿ ಹಾಕಿಡಬೇಕೆಂದು ಗೊತ್ತಿಲ್ಲದೆ ತಂದ ದಿನವೇ ಬೇಯಿಸಿ ತಿಂದು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಮಾತಾಡಿಸುವವರಿಗೇನೂ ಕೊರತೆಯಿರಲಿಲ್ಲ. ಆದರೆ ಇವರು ಒಂದು ಮಾತು ಆಡಿ ಇನ್ನೊಂದು ಆಡುವಷ್ಟರಲ್ಲಿ ನಮ್ಮ ಕಡೆಯವರ ತಾಳ್ಮೆ ಮುಗಿದಿರುತ್ತದೆ. ನನ್ನ "ಹೌದ್ರಿ" ಕೇಳಿ ಮುಸಿಮುಸಿ ನಗುತ್ತಿದ್ದರು. ಗೆದ್ದದ್ದು ಒಂದೇ: ಮೊದಲ ವರ್ಷ ಮುಗಿಯುವಾಗ ಮಾತಾಡುತ್ತಲೇ ಉಂಬಳ ಕಿತ್ತು ಎಸೆಯುವುದನ್ನು ಕಲಿತಿದ್ದೆ.

ಶೇಷಮ್ಮ ಸಿಕ್ಕಿದ್ದು ಎಸ್ಟೇಟಿನ ಲೈನ್ ಮನೆಗಳಲ್ಲಿ. ಕೂಲಿಯವರಿಗೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಮನೆಗಳವು. ತಿಂಗಳಿಗೊಮ್ಮೆ ಅಲ್ಲಿ ಜಗಲಿಯ ಮೇಲೆ ಕೂತು ಬಿ.ಪಿ. ನೋಡುತ್ತೇನೆ. ಐವತ್ತು ದಾಟಿದ ಶೇಷಮ್ಮ ಎಡಗೈ ಚಾಚಿದಳು. ನಾಡಿ ಹಿಡಿಯಲು ಹೋದರೆ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು.

"ಇದು ಹ್ಯಾಂಗಾತವ್ವ?" ಎಂದೆ.

"ಸಿನ್ಮಾದಲ್ಲಿ ಬಿದ್ದಿದ್ದು ಸಿಸ್ಟರ್."

ಅದೇ ಸಿನಿಮಾ. ಆ ಸೀನು ನಿಮಗೆ ನೆನಪಿದೆ. ಕಾಫಿ ತೋಟದ ಇಳಿಜಾರು, ಹಣ್ಣಿನ ಬುಟ್ಟಿ ಹೊತ್ತ ಹೆಂಗಸರು ಸಾಲಾಗಿ ಇಳಿಯುತ್ತಾರೆ. ಒಬ್ಬಳು ಜಾರಿ ಉರುಳುತ್ತಾಳೆ, ಕೆಂಪು ಹಣ್ಣೆಲ್ಲ ಚೆಲ್ಲಾಪಿಲ್ಲಿ. ಕೆಳಗೆ ನಿಂತ ನಾಯಕ ನಗುತ್ತಾನೆ, ಅವನನ್ನು ನೋಡಿ ನಾಯಕಿ ನಗುತ್ತಾಳೆ, ಪ್ರೀತಿ ಶುರು. ಟಾಕೀಸಿನಲ್ಲಿ ನಾವೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದೆವು. ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಆ ಬೀಳುವ ಹೆಂಗಸಿನ ಪಾತ್ರ ನನ್ನದೇ. ಎಷ್ಟು ಚೆನ್ನಾಗಿ ಬಿದ್ದೆನೆಂದರೆ ಒನ್ಸ್ ಮೋರ್ ಕೂಗಿದರು, ಮತ್ತೆ ಬಿದ್ದೆ.

"ಎರಡು ಸಲ ಸರಿಯಾಗೇ ಇಳಿದ್ವಿ" ಎಂದಳು ಶೇಷಮ್ಮ. "ಇನ್ನೊಂದ್ಸಲ ಇಳೀರಿ ಅಂದ್ರು. ಮೂರನೇ ಸಲ ಜಾರ್ತು. ನಾನು ಕೈ ಹಿಡ್ಕೊಂಡು ಕೂಗ್ತಿದ್ರೆ ಅವರು ಚಪ್ಪಾಳೆ ಹೊಡೀತಿದ್ರು, ಚೆನ್ನಾಗಿ ಬಂತು ಅಂತ."

"ದವಾಖಾನಿಗೆ ಒಯ್ಯಲಿಲ್ಲೇನು?"

"ಬೆಳಕು ಹೋಗ್ತದೆ ಅಂದ್ರು. ಮುಗಿಸ್ಕೊಂಡು ಜೀಪು ಹತ್ತಿ ಹೋದ್ರು. ನಮ್ಮಕ್ಕ ಗುಲಾಬಿ ನಡೆಸ್ಕೊಂಡು ಹೋಗಿ ನಾಟಿ ಔಷಧದವರ ಹತ್ರ ಕಟ್ಸಿದ್ಲು."

ಅಕ್ಕನ ಹೆಸರು ಹೇಳಿ ಅವಳು ಸೊಟ್ಟ ಮಣಿಕಟ್ಟನ್ನು ಬಲಗೈಯಿಂದ ಸವರಿಕೊಂಡಳು. ಆ ಅಕ್ಕನ ಬಗ್ಗೆ ನಾನು ಕೇಳಲಿಲ್ಲ, ನನ್ನ ತಲೆ ಕುದಿಯುತ್ತಿತ್ತು. ಸಿನಿಮಾ ನೋಡಿದ್ದೀರಾ ಎಂದರೆ ಇಲ್ಲವೆಂದಳು. ಟೀವಿಯಲ್ಲಿ ಬಂದರೆ ಎದ್ದು ಹೋಗುತ್ತಾಳಂತೆ. ಅವಳ ಬಿ.ಪಿ. ಸರಿಯಾಗಿತ್ತು. ನನ್ನದನ್ನು ಯಾರಾದರೂ ನೋಡಬೇಕಿತ್ತು.

ಕಳೆದ ಚಳಿಗಾಲದ ಒಂದು ಭಾನುವಾರ ಆ ಸಿನಿಮಾದ ಅಭಿಮಾನಿಗಳ ಬಳಗ ಕೊಪ್ಪದ ಒಂದು ಕಲ್ಯಾಣ ಮಂಟಪದಲ್ಲಿ ಸೇರುವುದಿತ್ತು. ಒಬ್ಬೊಬ್ಬರೂ ಮೈಕ್ ಹಿಡಿದು ಮೊದಲ ಸಲ ನೋಡಿದ್ದನ್ನು ಹೇಳಬೇಕು, ನಡುನಡುವೆ ಪರದೆಯ ಮೇಲೆ ಸೀನುಗಳು. ನನ್ನ ಹೆಸರೂ ಪಟ್ಟಿಯಲ್ಲಿತ್ತು. ನೀವೂ ಬರ್ತೀರಾ ಎಂದು ಶೇಷಮ್ಮನನ್ನು ಕೇಳಿದೆ. ಬೇಡ ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಯೋಚಿಸಿ, "ಪರದೆ ದೊಡ್ಡದಿರ್ತದಾ?" ಎಂದಳು. ಹೌದು ಎಂದೆ. "ಬರ್ತೀನಿ" ಎಂದಳು. ನ್ಯಾಯ ಕೇಳಲು ಬರುತ್ತಿದ್ದಾಳೆ ಎಂದು ನನ್ನಷ್ಟಕ್ಕೆ ನಾನೇ ತಿಳಿದುಕೊಂಡೆ.

ಮೊದಲು ಮೈಕ್ ಹಿಡಿದ ಶೃಂಗೇರಿಯ ಬೇಕರಿಯವರೊಬ್ಬರು ಪಿಯುಸಿ ಪರೀಕ್ಷೆ ಬಿಟ್ಟು ಆ ಸಿನಿಮಾಕ್ಕೆ ಹೋದವರು. "ಆಮೇಲೆ ಓದಲೇ ಇಲ್ಲ, ಅದೇ ಒಳ್ಳೇದಾಯ್ತು" ಎಂದರು. ಎನ್.ಆರ್. ಪುರದ ಲೆಕ್ಚರರು ಹೆಂಡತಿಯನ್ನು ಮೊದಲು ಮಾತಾಡಿಸಿದ್ದು ಅದರ ಇಂಟರ್‌ವಲ್ಲಿನಲ್ಲಂತೆ. ಹೆಂಡತಿ ಎದುರಿಗೇ ಕೂತು ತಲೆ ಚಚ್ಚಿಕೊಂಡರು. ಸುಳ್ಳೇಕೆ, ಕೇಳುತ್ತ ನನ್ನ ಕಣ್ಣೂ ತುಂಬಿತು. ಬಂದು ಎರಡು ವರ್ಷದಲ್ಲಿ ಮೊದಲ ಬಾರಿಗೆ ನನ್ನವರ ನಡುವೆ ಕೂತಿದ್ದೇನೆ ಅನ್ನಿಸಿತು.

ಅಷ್ಟರಲ್ಲಿ ಆ ಸೀನು ಬಂತು. ಬುಟ್ಟಿಯ ಸಾಲು ಇಳಿಯಿತು. ಶೇಷಮ್ಮ ಕುರ್ಚಿಯ ತುದಿಗೆ ಬಂದು ಕೂತಳು. ಪರದೆಯ ಮೇಲಿನ ಹೆಂಗಸು ಜಾರುವ ಮೊದಲೇ ಜನ ಶಿಳ್ಳೆ ಹಾಕಿದರು, ಬೀಳುತ್ತಲೇ ಇಡೀ ಸಭಾಂಗಣ ನಕ್ಕಿತು. ವೇದಿಕೆಗೆ ನುಗ್ಗಿ, "ನಿಲ್ಲಸ್ರಿ ಅದನ್ನ" ಎಂದು ಕೂಗಿದೆ. ಪರದೆ ಬೆಳ್ಳಗಾಯಿತು. ಮೈಕ್ ಕಸಿದುಕೊಂಡು, ನೀವು ನಗುತ್ತಿರುವುದು ಒಬ್ಬಳ ಮೂಳೆ ಮುರಿದದ್ದಕ್ಕೆ ಎಂದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಶೇಷಮ್ಮನನ್ನು ಮೇಲಕ್ಕೆ ಕರೆದು, ಅವಳ ಎಡಗೈ ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದೆ.

ಸಂಘಟಕರು ಶಾಲು ತಂದು ಅವಳಿಗೆ ಹೊದಿಸಿದರು. ಶಾಲಿನ ಬೆನ್ನಿಗೇ ಮೊಬೈಲುಗಳು ಬಂದವು. "ನೀವೇ ಅಂತೆ ಆ ಬೀಳೋರು, ಒಂದು ಸೆಲ್ಫಿ ಅಮ್ಮ." "ಅಮ್ಮ, ಕೈ ಕಾಣೋ ಹಾಗೆ ಹಿಡೀರಿ." ಅಷ್ಟರಲ್ಲಿ ಯಾರೋ ಊಟ ರೆಡಿ ಎಂದು ಮೈಕಿನಲ್ಲಿ ಹೇಳಿದರು. ನಿಂತ ಸೀನು ಮತ್ತೆ ಶುರುವಾಗಲಿಲ್ಲ.

ಜೀಪಿನಲ್ಲಿ ಹಿಂದಿರುಗುವಾಗ ಶೇಷಮ್ಮ ಶಾಲನ್ನು ಮಡಚಿ ಸೀಟಿನ ಮೇಲಿಟ್ಟಿದ್ದಳು. ಲೈನ್ ಮನೆಯ ಗೇಟಿನ ಹತ್ತಿರ ಇಳಿದು ನನ್ನ ಕಡೆ ತಿರುಗಿದಳು.

"ಸಿಸ್ಟರ್, ನನ್ನ ಕೈ ಎತ್ತಕ್ಕೆ ನಿಮಗೆ ಯಾರು ಹೇಳಿದ್ದು?"

"ನಿಮ್ಮ ಸಲುವಾಗಿನೇ ಅಲ್ಲೇನವ್ವ..."

"ನಾನು ಬಿದ್ದಿದ್ದು ನಂಗೆ ಗೊತ್ತಿಲ್ವಾ? ಅದನ್ನ ನೋಡಕ್ಕೆ ಅಷ್ಟು ದೂರ ಬರ್ತೀನಾ? ನಾನು ಬಿದ್ದ ಕೂಡ್ಲೇ ಅಕ್ಕ ಬುಟ್ಟಿ ಬಿಸಾಕಿ ಓಡಿ ಬಂದ್ಲು. ಅವಳು ಸತ್ತು ಆರು ವರ್ಷ ಆಯ್ತು. ಮನೇಲಿ ಒಂದು ಫೋಟೋ ಇಲ್ಲ. ಅದರಲ್ಲಾದ್ರೂ ಇದಾಳೋ ಇಲ್ವೋ ನೋಡನ ಅಂತ ಗಟ್ಟಿ ಮನಸ್ಸು ಮಾಡಿ ಬಂದಿದ್ದೆ. ನೀವು ಅಲ್ಲಿಗೇ ನಿಲ್ಸಿದ್ರಿ."

ನಾನು ಗಡಿಬಿಡಿಯಲ್ಲಿ ಮೊಬೈಲು ತೆಗೆದೆ, ಇಲ್ಲೇ ತೋರಿಸುತ್ತೇನೆ ಎಂದೆ.

"ಬೇಡ" ಎಂದಳು. "ನೋಡ್ಬೇಕು ಅನ್ಸಿದ್ರೆ ನಾನೇ ಕೇಳ್ತೀನಿ. ನಮ್ಮೋರಾಗಿದ್ರೆ ಮೊದ್ಲು ನನ್ನ ಕೇಳ್ತಿದ್ರಿ ನೀವು."

ಬರೆಯಲು ನಾಚಿಕೆ, ಮೂರು ದಿನ ನನಗೆ ಅವಳ ಮೇಲೆಯೇ ಸಿಟ್ಟಿತ್ತು. ಅಷ್ಟು ಜನರನ್ನು ಎದುರು ಹಾಕಿಕೊಂಡದ್ದು ಇವಳಿಗಾಗಿ, ಇವಳು ನನ್ನನ್ನೇ ಹೊರಗಿನವಳು ಎಂದಳಲ್ಲ ಎಂದು. ನಾಲ್ಕನೇ ದಿನ ಸಿಟ್ಟು ತಿರುಗಿ ನನ್ನ ಮೇಲೇ ಬಂತು, ಇನ್ನೂ ಹೋಗಿಲ್ಲ. ಸಿನಿಮಾದವರು ಅವಳು ಬಿದ್ದದ್ದನ್ನು ಕೇಳದೆ ತೆಗೆದುಕೊಂಡರು, ನಾನು ಅವಳ ಕೈಯನ್ನು ಕೇಳದೆ ತೆಗೆದುಕೊಂಡೆ. ಅವರಿಗಾದರೂ ಅವಳ ಹೆಸರು ಗೊತ್ತಿರಲಿಲ್ಲ.

ಯುಗಾದಿಗೆ ಸಿಂಧನೂರಿಗೆ ಹೋದೆ. ಹಬ್ಬದ ಮಧ್ಯಾಹ್ನ ಟೀವಿಯಲ್ಲಿ ಅದೇ ಸಿನಿಮಾ. "ಅಕ್ಕಾ, ನಿನ್ನೂರು ಬಂತು ನೋಡು" ಎಂದು ತಮ್ಮ ದನಿ ಜೋರು ಮಾಡಿದ. "ಬಿದ್ದು ತೋರಿಸು ಬಾ, ಗ್ಯಾದರಿಂಗದಾಗ ಬಿದ್ದಂಗ." ಬಾಯಿ ಮುಚ್ಚು ಎಂದು ಗದರಿದೆ, ಮನೆಯವರೆಲ್ಲ ನನ್ನ ಮುಖ ನೋಡಿದರು. ನಾನು ಟೀವಿಯ ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಶೇಷಮ್ಮ ಬಿದ್ದಳು. ನಾಯಕನ ಕಡೆ ನೋಡಲಿಲ್ಲ, ಮೇಲೆ ನೋಡಿದೆ. ಇಳಿಜಾರಿನ ತುದಿಯಲ್ಲಿ ಹಸಿರು ರವಿಕೆಯ ಒಬ್ಬಳು ಬುಟ್ಟಿಯನ್ನು ಎಸೆದು, ಎರಡೂ ಕೈ ಮುಂದೆ ಚಾಚಿ, ಬಿದ್ದವಳ ಕಡೆ ಓಡಿ ಬರುತ್ತಿದ್ದಳು. ತಲುಪುವ ಮೊದಲೇ ಸೀನು ನಾಯಕನ ಹಲ್ಲಿಗೆ ಹೋಯಿತು. ಒಂದು ಚಪ್ಪಾಳೆ ತಟ್ಟುವಷ್ಟು ಹೊತ್ತು, ಅಷ್ಟೇ. ನೂರು ಸಲ ನೋಡಿದ ಸೀನಿನಲ್ಲಿ ಗುಲಾಬಿಯನ್ನು ಕಂಡದ್ದು ಅದೇ ಮೊದಲ ಸಲ.

"ನಿನ್ನೂರು ಎಷ್ಟೊತ್ತಿಗೆ ಮುಟ್ಟತಿ?" ಎಂದಳು ಅವ್ವ ಹೊರಡುವಾಗ. ಬಸರೀಕಟ್ಟೆಯಲ್ಲಿ ಬಸ್ಸಿಳಿದು ಕೋಣೆಗೆ ಬರುತ್ತಲೇ ಅಂಗಡಿಯ ಹೆಂಗಸು, "ಊರಿಗೆ ಹೋಗಿ ಬಂದ್ರಾ, ಮತ್ತೆ ಯಾವಾಗ ಹೋಗದು?" ಎಂದಳು. ಎರಡೂ ಕಡೆಯವರಿಗೆ ನನ್ನ ಊರು ಇನ್ನೊಂದು ಕಡೆಗಿದೆ. ವರ್ಗಾವಣೆಯ ಅರ್ಜಿ ಭರ್ತಿ ಮಾಡಿ ಇಟ್ಟಿದ್ದೇನೆ, ಕೊಟ್ಟಿಲ್ಲ.

ಗುಲಾಬಿ ಅದರಲ್ಲಿ ಇದ್ದಾಳೆ ಎಂಬುದು ಈಗ ನನಗೆ ಗೊತ್ತು, ಅವಳ ತಂಗಿಗೆ ಗೊತ್ತಿಲ್ಲ. ಅವಳು ಕೇಳಿಲ್ಲ, ನಾನಾಗಿ ಹೇಳುವಂತಿಲ್ಲ. ತಿಂಗಳಿಗೊಮ್ಮೆ ಲೈನ್ ಮನೆಯ ಜಗಲಿಯಲ್ಲಿ ಕೂರುತ್ತೇನೆ. ಶೇಷಮ್ಮ ತನ್ನ ಸರದಿಗೆ ಬರುತ್ತಾಳೆ, ಊಟ ಆಯ್ತಾ ಸಿಸ್ಟರ್ ಎಂದು ಕೇಳುತ್ತಾಳೆ, ಎದುರಿಗೆ ಕೂರುತ್ತಾಳೆ. ಎಡಗೈ ಸೆರಗಿನೊಳಗೆ ಇರುತ್ತದೆ. ಬಲಗೈ ಕೊಡುತ್ತಾಳೆ.