ಬೆಟ್ಟ ಹತ್ತುವ ವ್ಯಾನಿಗೆ ಎಂಥ ಆಯಿಲ್

ನಮ್ಮ ಹಳೆ ವ್ಯಾನು ನಿಂತರೆ ನನ್ನ ಅಂಗಡಿಯೂ ನಿಲ್ಲುತ್ತದೆ. ಚಾಮುಂಡಿ ಬೆಟ್ಟದ ಮೇಲೆ ನನ್ನದೊಂದು ಹಣ್ಣುಕಾಯಿ ಅಂಗಡಿ ಇದೆ. ತೆಂಗಿನಕಾಯಿ ಮೂಟೆ, ಬಾಳೆಹಣ್ಣು, ಹೂವು, ನಾನು ಮನೆಯಲ್ಲಿ ಮಾಡುವ ಕಡಲೆಮಿಠಾಯಿ, ಎಲ್ಲವೂ ಬನ್ನಿಮಂಟಪದ ಮನೆಯಿಂದ ಅದರಲ್ಲೇ ಹೋಗಬೇಕು. ಬಸ್ಸಿಗೆ ಮೂಟೆ ಹತ್ತಿಸಲು ನನ್ನ ಸೊಂಟ ಒಪ್ಪುವುದಿಲ್ಲ. ವ್ಯಾನು ಯಜಮಾನರು ಕೊಂಡದ್ದು. ಅವರು ಹೋದರು, ಅದು ಉಳಿಯಿತು. ಈಗ ಓಡಿಸುವವನು ಅಳಿಯ. ನನ್ನ ತಮ್ಮನ ಮಗನಿಗೇ ಮಗಳನ್ನು ಕೊಟ್ಟಿರುವುದರಿಂದ ಅಳಿಯನ ಮರ್ಯಾದೆ ನಾನು ಕೊಡುವುದಿಲ್ಲ, ಅವನು ಕೇಳುವುದೂ ಇಲ್ಲ.

ಹೋದ ಆಯುಧಪೂಜೆಗೆ ಮುಂಚೆ ವ್ಯಾನಿನ ಆಯಿಲ್ ಬದಲಾಯಿಸಬೇಕಿತ್ತು. ಹಬ್ಬದ ದಿನ ಗಾಡಿಯ ಹೊಟ್ಟೆಯಲ್ಲಿ ಹಳೆ ಆಯಿಲ್ ಇರಬಾರದು ಅನ್ನುವುದು ನಮ್ಮ ಬೀದಿಯವರ ಪದ್ಧತಿ. ಅಳಿಯ ಮಿಣಮಿಣ ಅನ್ನುವ ಒಂದು ಡಬ್ಬ ತಂದ.

"ಹೊಸ ಕಾರುಗಳು ಕುಡಿಯೋ ಆಯಿಲ್ ಕಣತ್ತೆ ಇದು. ಹಬ್ಬಕ್ಕೆ ನಮ್ಗೆಲ್ಲ ಹೊಸ ಬಟ್ಟೆ, ಪಾಪ ಇದ್ಕೆ ಬ್ಯಾಡ್ವಾ?"

"ಬೋಳು ತಲೆಗೆ ಮಲ್ಲಿಗೆ ಮುಡಿಸ್ತೀಯಾ? ಮುಡಿಸು," ಅಂದೆ. ಸುರಿದ. ನೀರಿನ ಹಾಗೆ ಹರಿಯಿತು. ಕುಂಬಳಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಪೂಜೆ ಮುಗಿಸಿದೆವು.

ವ್ಯಾನಿಗೆ ಕಟ್ಟಿದ ಬಾಳೆಕಂದು ಒಣಗಿ ಉದುರುವ ಮೊದಲೇ ಕಾಟ ಶುರುವಾಯಿತು. ಬೆಟ್ಟದ ತಿರುವಿನಲ್ಲಿ ಬಸ್ಸಿನ ಹಿಂದೆ ನಿಂತಾಗೆಲ್ಲ ಸ್ಟೀರಿಂಗ್ ಮುಂದೆ ಕೆಂಪು ದೀಪ ಮಿಣುಕುತ್ತಿತ್ತು.

"ಅದೇನೋ ಕೆಂಪಗೆ?"

"ವೈರು ಲೂಸಾಗಿರ್ಬೇಕು ಬುಡಿ ಅತ್ತೆ."

ವೈರಲ್ಲ, ಆಯಿಲ್ಲಿನ ಒತ್ತಡ ಇಳಿದರೆ ಹೊತ್ತುವ ದೀಪ ಅದು. ಹಿಂದೆ ನೀಲಿ ಹೊಗೆ ಬೇರೆ. ಬೈಕಿನಲ್ಲಿ ಬಂದ ಒಬ್ಬ ಮೂಗು ಮುಚ್ಚಿಕೊಂಡು ಕಿಟಕಿಗೆ ಬಗ್ಗಿದ. "ಅಜ್ಜಿ, ದೇವಿಗೆ ಇಲ್ಲಿಂದ್ಲೇ ಧೂಪ ಹಾಕ್ತಿದ್ದೀರಾ?" ನನಗೆ ನಗು ಬರಲಿಲ್ಲ.

ಬೆಟ್ಟದ ಮೇಲೆ ಗಾಡಿ ನಿಲ್ಲಿಸುವ ಡ್ರೈವರುಗಳಿಗೆ ಎಲ್ಲ ಗೊತ್ತು. ಹೊಗೆ ಬಂದರೆ ಗಟ್ಟಿ ಆಯಿಲ್ ಹಾಕು ಅಂದರು. ಅಳಿಯ ಲಾರಿಗೆ ಹಾಕುವ ಗಟ್ಟಿ ಆಯಿಲ್ ಸುರಿದು, ಮೇಲೆ ಜೇನುತುಪ್ಪದ ಹಾಗಿದ್ದ ಇನ್ನೇನನ್ನೋ ಬೆರೆಸಿದ. ಹೊಗೆ ಕಡಿಮೆಯಾಯಿತು, ಕೆಂಪು ದೀಪವೂ ಆರಿತು. ನಾನೂ ಸುಮ್ಮನಾದೆ.

ಆಮೇಲೆ ಧನುರ್ಮಾಸ ಬಂತು. ಬೆಳಕು ಹರಿಯುವ ಮೊದಲೇ ಪೂಜೆ, ಜನ ಬರುವಷ್ಟರಲ್ಲಿ ಅಂಗಡಿ ತೆರೆದಿರಬೇಕು. ಆ ಚಳಿಯಲ್ಲಿ ವ್ಯಾನು ಎದ್ದೇಳಲು ಒಲ್ಲೆ ಅನ್ನುತ್ತಿತ್ತು. ಕೀ ತಿರುಗಿಸಿದರೆ ನರಳುತ್ತದೆ, ಮತ್ತೆ ನರಳುತ್ತದೆ, ಕೊನೆಗೆ ಹೊತ್ತಿಕೊಂಡರೂ ಸ್ವಲ್ಪ ಹೊತ್ತು ಇಂಜಿನ್ನಿನ ಒಳಗೆ ಕಟಕಟ ಸದ್ದು. ಎದುರು ಮನೆಯಾಕೆ ರಂಗೋಲಿ ಬಿಡುತ್ತ, "ನಿಮ್ ಗಾಡಿ ಕೆಮ್ಮಿದ್ರೆ ಸಾಕು ಕಣಮ್ಮ, ನಮ್ ಮನೇಲಿ ಅಲಾರಂ ಇಡೋದೇ ಬುಟ್ಬುಟ್ಟಿದ್ದೀವಿ," ಅನ್ನುವಳು. ಒಂದು ಬೆಳಿಗ್ಗೆ ಅದು ಕೆಮ್ಮಲೂ ಇಲ್ಲ. ಹೂವೆಲ್ಲ ಬುಟ್ಟಿಯಲ್ಲೇ ಬಾಡಿತು. ಬಿಸಿಲು ಏರಿದ ಮೇಲೆ ತಳ್ಳಿ ಸ್ಟಾರ್ಟ್ ಮಾಡಿ ರಾಜೀವನಗರದ ಮೆಕ್ಯಾನಿಕ್ ಹತ್ತಿರ ಒಯ್ದೆವು. ಯಜಮಾನರ ಕಾಲದಿಂದಲೂ ಈ ವ್ಯಾನನ್ನು ಬಿಚ್ಚಿ ಕಟ್ಟಿದವರು ಅವರೇ. ನಾನು ಭಾಯಿ ಅನ್ನುತ್ತೇನೆ.

ಭಾಯಿ ಆಯಿಲ್ ನೋಡುವ ಕಡ್ಡಿ ಎಳೆದು, ಬೆರಳಲ್ಲಿ ಉಜ್ಜಿದರು.

"ಅಮ್ಮಾ, ಇದು ಆಯಿಲ್ಲಾ, ಹಲ್ವಾನಾ?"

ಅಳಿಯ ಬೇರೆ ಕಡೆ ನೋಡಿದ. "ಇಂಜಿನ್ ಇದೆಯೋ, ಹೋಯ್ತೋ? ಅದ್ನ ಹೇಳಿ ಭಾಯಿ," ಅಂದೆ.

ಅವರು ಬಗ್ಗಿ, ಕಿವಿ ಇಟ್ಟು, ಆಕ್ಸಿಲರೇಟರ್ ಒತ್ತಿಸಿ, ಬಿಡಿಸಿ ಕೇಳುತ್ತಲೇ ಇದ್ದರು. ನಾನು ಹಳೆ ಟೈರಿನ ಮೇಲೆ ಕುಳಿತಿದ್ದೆ. ಇಂಜಿನ್ ಮುಗಿಯಿತು, ಗುಜರಿಗೆ ಹಾಕಿ ಅಂತ ಅವರು ಹೇಳಿಬಿಡಲಿ ಎಂದು ಒಳಗೊಳಗೇ ಕಾಯುತ್ತಿದ್ದೆ. ಹೇಳಿದ್ದರೆ ಅಂಗಡಿ ಮುಚ್ಚಿ ಮಲಗುತ್ತಿದ್ದೆ. ಯಾರೂ ನನ್ನನ್ನು ಸೋಮಾರಿ ಅನ್ನುವಂತಿರಲಿಲ್ಲ.

"ಇದೆ," ಅಂದರು ಭಾಯಿ. "ಸವೆದಿದೆ, ಸತ್ತಿಲ್ಲ."

ಎರಡು ಡಬ್ಬ ತಂದು ನನ್ನ ಮುಂದಿಟ್ಟರು. ನನಗೆ ಓದಲು ಬರುವುದು ಅಂಕಿ ಮಾತ್ರ. ಒಂದರ ಮೇಲೆ ಇಪ್ಪತ್ತು, ನಲವತ್ತು. ಇನ್ನೊಂದರ ಮೇಲೆ ಇಪ್ಪತ್ತು, ಐವತ್ತು. ನಡುವೆ ಒಂದು ಇಂಗ್ಲಿಷ್ ಅಕ್ಷರ.

"ಮೊದಲ್ನೇ ನಂಬರು ಚಳೀಲಿ ಹರಿಯೋ ಲೆಕ್ಕ. ಕಮ್ಮಿ ಇದ್ದಷ್ಟೂ ಬೇಗ ಹರೀತದೆ. ಎರಡ್ನೇದು ಕಾದ್ಮೇಲೆ ಎಷ್ಟು ಗಟ್ಟಿ ಉಳೀತದೆ ಅಂತ. ನಿಮ್ ಅಳಿಯ ಮೊದ್ಲು ಹಾಕಿದ್ದು ಕಾದ್ರೆ ತೀರಾ ತೆಳ್ಳಗೆ, ಸವೆದ ಸಂದೀಲೆಲ್ಲ ಸೋರ್ಕೊಂಡು ಹೋಗ್ತಿತ್ತು. ಆಮೇಲೆ ಹಾಕಿದ್ದು ಚಳೀಲಿ ಜಾಗ ಬಿಟ್ಟೇ ಕದಲಲ್ಲ."

ಬೆಲ್ಲದ ಪಾಕ ಕಾಯಿಸುವವಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಒಲೆಯ ಮೇಲೆ ಹರಿಯುವ ಪಾಕ ಧನುರ್ಮಾಸದ ಬೆಳಿಗ್ಗೆ ಸೌಟನ್ನೇ ಹಿಡಿದುಕೊಳ್ಳುತ್ತದೆ.

"ಇವೆರಡ್ರಲ್ಲಿ ಯಾವ್ದು?"

"ಹೊಸದ್ರಲ್ಲಿ ಇದು ಕುಡೀತಿದ್ದಿದ್ದು ನಲವತ್ತು. ಮೊದ್ಲು ಅದನ್ನೇ ಹಾಕಿ ನೋಡೋಣ. ಬೆಟ್ಟದಲ್ಲಿ ಮತ್ತೆ ಕೆಂಪು ದೀಪ ಬಂದ್ರೆ ಐವತ್ತು. ಗ್ಯಾರಂಟಿ ಮಾತ್ರ ಕೇಳ್ಬೇಡಿ. ತೆಳ್ಳಗಿನ ಆಯಿಲಲ್ಲಿ ಮೂಟೆ ಹೊತ್ತು ಬೆಟ್ಟ ಹತ್ತಿರೋ ಗಾಡಿ ಇದು."

"ನಲವತ್ತೇ ಹಾಕಿ," ಅಂದೆ. ಹಲ್ವಾ ಇಳಿದು ಮುಗಿಯುವಷ್ಟರಲ್ಲಿ ಎರಡು ಟೀ ಆಯಿತು.

ಮರುದಿನ ಚಳಿ ಹಾಗೇ ಇತ್ತು. ಅಳಿಯ ಕೀ ತಿರುಗಿಸಿದ. ಒಂದೇ ಸಲಕ್ಕೆ ಹೊತ್ತಿಕೊಂಡಿತು. ಬೆಟ್ಟದ ತಿರುವಿನಲ್ಲಿ ಬಸ್ಸಿನ ಹಿಂದೆ ನಿಂತಾಗ ಇಬ್ಬರೂ ಸ್ಟೀರಿಂಗ್ ಮುಂದೆಯೇ ಕಣ್ಣು ನೆಟ್ಟಿದ್ದೆವು. ದೀಪ ಬರಲಿಲ್ಲ. ಹೊಗೆ ಒಂದಿಷ್ಟು ಇತ್ತು. ಅದು ಇರುತ್ತದೆ, ಭಾಯಿ ಹೇಳಿದ್ದರು.

"ನೋಡಿದ್ರಾ ಅತ್ತೆ, ಇನ್ನೈದು ವರ್ಷ ಯೋಚ್ನೆ ಇಲ್ಲ," ಅಂದ ಅಳಿಯ.

"ನಿಂಗಿಲ್ಲ ಕಣೋ," ಅಂದೆ.

ಮೇಲೆ ಇನ್ನೂ ಕತ್ತಲೆ. ಅಂಗಡಿ ಮುಂದೆ ಆಗಲೇ ನಾಲ್ಕು ಜನ ನಿಂತಿದ್ದರು. ಸೊಂಟ ಹಿಡಿದುಕೊಂಡು ಇಳಿದು, ಹೂವಿನ ಬುಟ್ಟಿ ಎಳೆದುಕೊಂಡೆ.